ಸ್ಲೇಟಿನ ಮೇಲೆ ಹ

ಕೊಪ್ಪದ ಅಂಗನವಾಡಿ. ಹತ್ತು ಗಂಟೆ.
ಸಾರಿನ ಬೇಳೆ ಇನ್ನೂ ಬೆಂದಿಲ್ಲ.
ಮೊರದಲ್ಲಿ ಹರಡಿದ ರಾಗಿಯ ಮೇಲೆ
ಮೋನಿಷನ ಬೆರಳು ಹಿಡಿದು ನಡೆಸುತ್ತೇನೆ:
ಇಲ್ಲಿ ಸುತ್ತು, ಇಲ್ಲಿ ಏರು, ಮೇಲೊಂದು ತಲಕಟ್ಟು.

"ಏನಿದು?"
"ಅ."
"ಅ ಅಲ್ಲ ಕಣೋ, ಹ. ಹಸು."
"ಅಸ."
"ಹಾಲು."
"ಆಲು."
"ಹತ್ತು?"
ಎರಡು ಕೈಯ ಬೆರಳನ್ನೂ ಒಂದೊಂದೇ ಮಡಿಸಿ,
ಒಂದೂ ತಪ್ಪದೆ ಎಣಿಸಿ,
"ಅತ್ತು."

ಅವನ ತಾತ ಅಸ ಕಟ್ಟುತ್ತಾನೆ.
ಅವನವ್ವ ಡೈರಿಗೆ ಆಲು ಹಾಕುತ್ತಾಳೆ.
ನಾನೂ ಈ ಚಾರ್ಟಿನ ಮುಂದೆ ಮಾತ್ರ ಹಕಾರದವಳು;
ಸಂಜೆ ಬೇಲಿಯಾಚೆ ನಿಂತು ಕೂಗುವಾಗ
ನನ್ನ ಬಾಯಲ್ಲೂ ಅಂಗೇ, ಇಂಗೇ, ಓಗ್ಬುಟ್ಲು.
ಟ್ರೈನಿಂಗಿನಲ್ಲಿ ಮೇಡಂ ಒಬ್ಬರು ನಕ್ಕಿದ್ದರು,
ಮಂಡ್ಯದ ಆ ಫ್ಯಾನು ತಿರುಗದ ಹಾಲಿನಲ್ಲಿ.
ಅದಕ್ಕೇ ನಾನು ನಗಲಿಲ್ಲ.

ವಾರವಾಯಿತು. ಬಳಪ ಉಗುರಿನಷ್ಟಾಯಿತು.
ಹ ಬರೆಯುತ್ತಾನೆ, ದುಂಡಗೆ, ನನಗಿಂತ ಚೆಂದ.
ಓದು ಅಂದರೆ ಅದೇ ಅ.

ಇವತ್ತು ಒದ್ದೆ ಬಟ್ಟೆ ಯಾರೋ ಕಸಿದುಕೊಂಡಿದ್ದರು.
ಸ್ಲೇಟನ್ನು ಮೂಗಿನ ಹತ್ತಿರ ತಂದು
ಬಾಯಿ ಅಗಲಿಸಿ, ಹೊಟ್ಟೆಯೊಳಗಿಂದ
"ಹಾ..."
ಕಪ್ಪು ಕಲ್ಲಿಗೆ ಮಂಜು ಹಿಡಿಯಿತು.
ಒರೆಸಲು ಎತ್ತಿದ ಮೊಣಕೈ ಹಿಡಿದುಕೊಂಡೆ:
"ಅದೇ ಕಣೋ! ಈಗ ಅಂದ್ಯಲ್ಲ, ಅದೇ!"

ಸ್ಲೇಟು ನೋಡಿದ. ನನ್ನ ನೋಡಿದ.
ಮಂಜು ಅಂಚಿನಿಂದ ಆರುತ್ತಿತ್ತು,
ಅಕ್ಷರ ಇನ್ನೂ ಅಲ್ಲೇ ಇತ್ತು.
"ಮಿಸ್, ಇದು ಅಳಿಸಾಕಲ್ವಾ?"

ಔದು ಕಣಪ್ಪ, ಅಂದೆ.