ಹನ್ನೊಂದು ಪ್ಲೇಟು

ಬೇತಮಂಗಲದ ಕೆರೆಯಂಗಳ, ಹುಣಸೆ ಮರದಡಿ
ಸೀಟು ಬಿಚ್ಚಿಸಿಕೊಂಡು, ಡೀಸೆಲ್ ಟ್ಯಾಂಕು ಇಳಿಸಿಕೊಂಡು
ಬೆನ್ನು ತೆರೆದು ಕೂತಿದೆ
ನನಗಿಂತ ನಾಲ್ಕು ವರ್ಷ ಹಿರಿಯ ಬುಲ್ಡೋಜರು.
ಹೆಸರಿನ ತಗಡನ್ನು ಹರಾಜಿಗೆ ಮುಂಚೆಯೇ ಯಾರೋ ಕಿತ್ತಿದ್ದರು.
ಉಳಿದದ್ದು ನಾಲ್ಕು ರಿವೆಟ್ಟಿನ ತೂತು.

ಅರುಳಪ್ಪ ಬಂದದ್ದು ಆರೂವರೆ ಬಸ್ಸಿಗೆ, ಆಂಡರ್ಸನ್‌ಪೇಟೆಯಿಂದ.
ಗೋಣಿಚೀಲದಲ್ಲಿ ಪಾನಾ, ಪುಲ್ಲರು, ಒಂದು ಟಿಫಿನ್ ಡಬ್ಬಿ.
ಗಣಿಯ ವರ್ಕ್‌ಶಾಪು ಮುಚ್ಚಿ ಎಷ್ಟೋ ಕಾಲವಾಯಿತು,
ಆಯಪ್ಪನ ವಾಚು ಮಾತ್ರ ಇನ್ನೂ ಶಿಫ್ಟಿನಲ್ಲಿದೆ.
ಬೋಲ್ಟು ಎಣಿಸುವುದು ತಮಿಳಲ್ಲಿ. ನಾನು ಬೈಯುವುದು ತೆಲುಗಲ್ಲಿ.
ಕೂಲಿ ಮಾತಾಡಿದ್ದು ಕನ್ನಡದಲ್ಲಿ, ಬೇಗ ಮುಗಿಯಿತು.

ಕಾಯಿಲೆ ಇಷ್ಟೇ:
ಬ್ಲೇಡಿಗೆ ಮಣ್ಣಿನ ಭಾರ ಬಿದ್ದ ಕೂಡಲೆ
ಗಾಡಿ ಬಲಕ್ಕೆ ಸರಿಯುತ್ತೆ,
ಬೆದರಿದ ಎತ್ತು ಮೂಗುದಾರ ಕೇಳದ ಹಾಗೆ.
ಎರಡು ವರ್ಷ ಎಡಗೈಯಿಂದ ಲಿವರು ಎಳೆದೆಳೆದು
ನೇರ ಅನ್ನಿಸಿಕೊಂಡು ದುಡಿದಿದ್ದೇನೆ.
ಸೈಟು ಸಮ ಮಾಡಿದೆ, ಒಂದು ಶಾಲೆಗೆ ಮೈದಾನ ಮಾಡಿಕೊಟ್ಟೆ.
ಅಲ್ಲಿ ಚೆಂಡು ಬಿಟ್ಟರೆ ಈಗಲೂ
ತಾನಾಗಿ ಬಲಕ್ಕೇ ಉರುಳುತ್ತಂತೆ.

ಚೈನ್ ಬ್ಲಾಕು ಕಿರುಗುಟ್ಟಿ, ಕೊಂಬೆ ಒಂದು ಗೇಣು ಬಾಗಿ
ಡ್ರಮ್ಮು ಮೇಲೆ ಬಂತು.
ಗೋಣಿಯ ಮೇಲೆ ಒಂದೊಂದಾಗಿ ಹಾಸಿದ ಹನ್ನೊಂದು ಪ್ಲೇಟು.
ಮೊದಲ ಮೂರು, ಹೆಂಚಿಗೆ ಹತ್ತಿ ಸೀದ ರಾಗಿ ರೊಟ್ಟಿ.
ಉಳಿದವು ಗಾಜಿನ ನಯ. ರಿವೆಟ್ಟು ತಲೆಯೆತ್ತಿ
ಉಕ್ಕಿನ ಮೇಲೆ ಉಂಗುರ ಕೊರೆದಿದೆ.
ಅರುಳಪ್ಪ ಹನ್ನೊಂದನ್ನೂ ಮೂಸಿದ.
"ಎಣ್ಣೆ ಬಿದ್ದಿಲ್ಲ. ಸೀಲು ಸರಿ ಇದೆ. ಇದು ಕೈ ಮಾಡಿದ ಕೆಲಸ.
ಅರ್ಧ ಎಳೆದು ಹಿಡಿದಿದ್ದೀಯ. ಎಷ್ಟು ದಿನ?"

ದಿನವಲ್ಲ, ಒಂದು ಬೇಸಿಗೆ.
ಕ್ವಾರಿಗೆ ದಾರಿ ಕಡಿಯುವ ಕೆಲಸ.
ಬಲಕ್ಕೆ ಬಂಡೆ. ಎಡಕ್ಕೆ ಏನೂ ಇಲ್ಲ.
ಆ ಏನೂ ಇಲ್ಲದ್ದರ ತಳದಲ್ಲಿ
ಒಂದು ಜಾಲಿ ಮರ, ಹೆಸರುಕಾಳಿನಷ್ಟು.
ಯಾರಿಗೂ ಹೇಳಿಲ್ಲ: ಬೇಸಿಗೆ ಪೂರ್ತಿ
ಬಲಗಡೆ ಲಿವರನ್ನು ಎರಡು ಬೆರಳಲ್ಲಿ
ಇಷ್ಟೇ ಇಷ್ಟು ಎಳೆದು ಹಿಡಿದಿದ್ದೆ,
ಅಂಚು ಇಷ್ಟೇ ಇಷ್ಟು ದೂರ ಇರಲಿ ಅಂತ.
ದಾರಿ ಮುಗಿಯಿತು. ದುಡ್ಡು ಬಂತು. ಭಯ ಇಳಿಯಿತು.
ಎಲ್ಲಿಗೆ ಇಳಿಯಿತು ಅಂತ
ಈಗ ಗೋಣಿಯ ಮೇಲೆ ನೋಡುತ್ತಿದ್ದೇನೆ.

ಈ ಗಾಡಿಗೆ ಸ್ಪೇರು ಎಲ್ಲೂ ಇಲ್ಲ.
ಪ್ಲೇಟುಗಳನ್ನು ಕೋಲಾರಕ್ಕೆ ಒಯ್ದು, ಪ್ಯಾರೇಜಾನ್ ಅಂಗಡಿಯಲ್ಲಿ
ಹೊಸ ಲೈನಿಂಗು, ಹಿತ್ತಾಳೆ ರಿವೆಟ್ಟು ಹೊಡೆಸಿದೆ.
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಪಕ್ಕದ ಅಜ್ಜಿ,
"ಯಾವೂರ ತಟ್ಟೆ ಮಗಾ ಇದು, ನಡುವೆ ತೂತು?
ಅನ್ನ ಎಲ್ಲಿ ನಿಲ್ಲುತ್ತೆ?" ಅಂದಳು.
ಆ ರಾತ್ರಿ ಟಾರ್ಪಾಲು ಸರಿಸಿ ಟಾರ್ಚು ಬಿಟ್ಟರೆ
ಡ್ರಮ್ಮಿನ ಗುಂಡಿಯಲ್ಲಿ ಒಂದು ಕಪ್ಪೆ.
ಎತ್ತಿ ಹೊರಗೆ ಬಿಟ್ಟೆ.

ಒಂದು ಉಕ್ಕು, ಒಂದು ಲೈನಿಂಗು. ಒಂದು ಉಕ್ಕು, ಒಂದು ಲೈನಿಂಗು.
ಸ್ಪ್ರಿಂಗು ಕೂರಿಸುವಾಗ ಅರುಳಪ್ಪನ ಹೆಬ್ಬೆರಳ ಉಗುರು ಹೋಯಿತು.
ಕೊನೆಗೆ ಒಂದು ವಾಷರು ಉಳಿಯಿತು.
ಆಯಪ್ಪ ಅದನ್ನು ನೋಡಿ, ನನ್ನನ್ನು ನೋಡಿ
ಜೇಬಿಗೆ ಹಾಕಿಕೊಂಡ.

ಸಂಜೆ ಸ್ಟಾರ್ಟು ಮಾಡಿದೆ. ಬ್ಲೇಡು ಇಳಿಸಿದೆ. ಮಣ್ಣು ತುಂಬಿತು.
ಬಲಕ್ಕೆ ಸರಿಯಲಿಲ್ಲ.
ಎಡಕ್ಕೆ ಹೊರಟಿತು, ಸೀದಾ ಅರುಳಪ್ಪ ಕೂತಿದ್ದ ಕಡೆಗೆ.
ಆಯಪ್ಪ ಏಳಲಿಲ್ಲ.
ಟಿಫಿನ್ ಡಬ್ಬಿಯನ್ನು ಮಾತ್ರ ಎತ್ತಿ ಆಚೆಗಿಟ್ಟ.
"ಗಾಡಿ ಸರಿ ಇದೆ," ಅಂದ. "ಕೈ ತೆಗಿ."

ಕೈ ಕೇಳಲಿಲ್ಲ.
ಎಡಗೈಯನ್ನು ತೊಡೆಯಡಿ ಇಟ್ಟು
ಅದರ ಮೇಲೆ ಕೂತು
ತೂಬಿನವರೆಗೂ
ನೇರ ಹೋದೆ.