ಬಾಯ್ಲರು ನಿಂತ ಸಂಕ್ರಾಂತಿ

ಹಡರ್ಸ್‌ಫೀಲ್ಡಿನಲ್ಲಿ ಸೂರ್ಯ ಪಥ ಬದಲಿಸಿದ್ದಕ್ಕೆ
ಪುರಾವೆಯೇನೂ ಇರಲಿಲ್ಲ.
ತೋಂಟದಾರ್ಯರ ಮನೆಯಲ್ಲಿ ಹದಿನಾಲ್ಕು ಮಂದಿ
ಕೋಟು ಬಿಚ್ಚದೆ ಕೂತು
ಕೈಗವಸಿನಲ್ಲೇ ಕುಸುರೆಳ್ಳು ಈಸಿಕೊಳ್ಳುತ್ತಿದ್ದರು.
ಬಾಯ್ಲರು ಬೆಳಗಿನಿಂದ ಸತ್ತಿತ್ತು.
ಗ್ಯಾಸಿನವನು ಬರುವುದು ಮಂಗಳವಾರ.

ನಾನು ಬಾಗಿಲಲ್ಲಿ ಬೂಟು ಕಳಚುತ್ತಿದ್ದೆ.
"ಬಂದ್ರು ನೋಡ್ರಿ! ಐಐಟಿ ಬಂದ್ರು!"

ಹೆಸರಿದೆ ನನಗೆ, ಮಾನಿನಿ ಎಂದು.
ಈ ಊರಿನ ಕನ್ನಡದವರಲ್ಲಿ ಅದು ಬಳಕೆಯಲ್ಲಿಲ್ಲ.

ಅವರಿಗೆ ಗೊತ್ತಿರುವ ಪ್ರಕಾರ
ಹದಿನೇಳರ ಮಗ್ಗಿ ನಾನು ನಿದ್ದೆಯಲ್ಲೂ ಹೇಳುತ್ತೇನೆ,
ಅಡುಗೆ ಬರುವುದಿಲ್ಲ,
ದೊಡ್ಡ ದೊಡ್ಡ ಕಂಪನಿಗಳ ಯಜಮಾನರೆಲ್ಲ
ನನ್ನ ಹಾಸ್ಟೆಲಿನ ಮೆಸ್ಸಿನಲ್ಲಿ ಉಂಡವರು,
ಸಂಬಳ ಕೇಳಿದರೆ ಹೇಳುವುದಿಲ್ಲ, ಅಷ್ಟು ಜಾಸ್ತಿ.
(ಹೇಳುವುದಿಲ್ಲ, ನಿಜ.
ಅಷ್ಟು ಕಡಿಮೆ.)
ಪ್ರತಿ ಹಬ್ಬಕ್ಕೂ ಅನ್ನಪೂರ್ಣ ಮಗನನ್ನು
ನನಗೆ ಒತ್ತಿಯೇ ಕೂರಿಸುತ್ತಾಳೆ,
ನೆಗಡಿ ಅಂಟುವ ಹಾಗೆ ಅಂಟಲಿ ಎಂದು.
ಅವನು ಜೇಬಿನಿಂದ ಡೈನೊಸಾರ್ ತೆಗೆದು ತೋರಿಸುತ್ತಾನೆ.
ಬಾಲ ಮುರಿದಿದೆ. ಇಬ್ಬರೂ ಸುಮ್ಮನೆ ನೋಡುತ್ತೇವೆ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಅನ್ನುತ್ತಾರೆ.
ನಾನು ನೀರಿಗೆಂದೇ ಓದಿದವಳು,
ಹಡಗು ಕಟ್ಟುವ ವಿದ್ಯೆ, ಕಡಲು ಕಾಣದ ಖರಗ್‌ಪುರದಲ್ಲಿ.
ಈಗ ಕಡಲಿಲ್ಲದ ಈ ಊರಿನಲ್ಲಿ
ಬಸ್ಸುಗಳ ವೇಳಾಪಟ್ಟಿ ಬರೆಯುತ್ತೇನೆ.
ಆ ಸೀಟೂ ಸಿಕ್ಕಿದ್ದು ಹೇಗೆಂದರೆ,
ರಸಾಯನಶಾಸ್ತ್ರದ ಒಂದು ಪ್ರಶ್ನೆಗೆ
ಕೊನೆಯ ಗಳಿಗೆಯಲ್ಲಿ 'ಸಿ' ತುಂಬಿದೆ.
ಯಾಕೆ ಸಿ?
ಪೆನ್ಸಿಲಿನ ತುದಿ ಆ ವೃತ್ತದ ಹತ್ತಿರವಿತ್ತು.
ಜತೆಗೆ ಓದಿದ ಫರ್ಜಾನಾ ಅದನ್ನು ಖಾಲಿ ಬಿಟ್ಟಳು,
ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವ ಹುಡುಗಿ.
ಯಾರೂ ಅವಳನ್ನು ಬಾಯ್ಲರಿನ ಮುಂದೆ ನಿಲ್ಲಿಸುವುದಿಲ್ಲ.

ನನ್ನನ್ನು ನಿಲ್ಲಿಸಿದರು.
ಅಡುಗೆಮನೆಯ ಕಪಾಟು ತೆರೆದರೆ ಬಿಳಿಯ ಪೆಟ್ಟಿಗೆ,
ಅದರ ಹೊಟ್ಟೆಯಲ್ಲಿ ಗುಳುಗುಳು ಸದ್ದು,
ಹಣೆಯ ಮೇಲೆ ಕೆಂಪಾಗಿ ಎರಡಕ್ಷರ.
ಹಿಂದೆ ಹದಿನಾಲ್ಕು ಜನರ ಉಸಿರಿನ ಹಬೆ.
ಒಂದು ಗುಂಡಿ ಒತ್ತಿದೆ.
"ಹೆಂಗ ಒತ್ತಿದ್ರು ನೋಡು," ಅಂದರು ಯಾರೋ.
ಇನ್ನೊಂದು ಒತ್ತಿದೆ.
ಸ್ವಲ್ಪ ಗಾಳಿ ಬೇಕು ಎಂದು ಹಿತ್ತಿಲಿಗೆ ಹೋದೆ.
ಓಡಿಹೋದೆ ಎಂದರೂ ಸರಿ.

ಪಕ್ಕದ ಮನೆಯ ಮೌರೀನಜ್ಜಿ
ನೈಟ್‌ಗೌನಿನ ಮೇಲೊಂದು ಗಂಡಸಿನ ಕೋಟು ಹಾಕಿ
ಹಕ್ಕಿಗಳಿಗೆ ಬ್ರೆಡ್ಡು ಎಸೆಯುತ್ತಿದ್ದಳು.
ನನ್ನ ಮುಖ ನೋಡಿದಳು, ಗೋಡೆ ನೋಡಿದಳು,
ಬ್ರೆಡ್ಡಿನ ತುಂಡಿನಿಂದಲೇ ತೋರಿಸಿದಳು:
ಅಗೋ ಆ ಸಣ್ಣ ಪೈಪು, ಮಗಳೇ,
ಒಳಗೆ ನೀರು ಹೆಪ್ಪುಗಟ್ಟಿರುತ್ತೆ, ಪ್ರತಿ ಚಳಿಗಾಲದ ಕತೆ.
ಬಿಸಿನೀರು ಹುಯ್ಯಿ. ಕುದಿಯುವುದು ಬೇಡ, ಸೀಳೀತು.

ಕೆಟಲಿನಲ್ಲಿ ನೀರು ಕಾಸಿ, ತಣ್ಣೀರು ಬೆರೆಸಿ,
ಮಗುವಿಗೆ ಎರೆಯುವ ಹದಕ್ಕೆ ತಂದೆ.
ಎರಡು ಸಲ ಹುಯ್ದೆ. ಮೂರನೆಯದಕ್ಕೆ
ಒಳಗೆಲ್ಲೋ ಒಂದು ತುಣುಕು ಸಡಿಲಾಗಿ ಜಾರಿದ್ದು
ಅಂಗೈಗೆ ತಿಳಿಯಿತು.
ನಾಲ್ಕು ವರ್ಷ ಓದಿ, ಹನ್ನೊಂದು ವರ್ಷ ದುಡಿದು,
ನೀರನ್ನು ಮುಟ್ಟಿ ಒಂದು ಕೆಲಸ ಮಾಡಿದ್ದು
ಇದೇ ಮೊದಲು. ಸುಳ್ಳೇಕೆ, ಕಣ್ಣು ತುಂಬಿತು.

ಒಳಗೆ ಧಗ್ ಎಂದಿತು, ನೀಲಿ ಜ್ವಾಲೆ.
ಕೋಟುಗಳು ಒಂದೊಂದಾಗಿ ಕಳಚಿದವು.
"ಐಐಟಿ ಅಂದ್ರ ಐಐಟೀನ ಮತ್ತ! ಐದ ನಿಮಿಷದಾಗ!"
ಅದು ಮೌರೀನ್ ಹೇಳಿದ್ದು, ಅಂದೆ.
"ನೋಡ್ರಿ, ಎಷ್ಟು ವಿನಯ," ಅಂದರು ತೋಂಟದಾರ್ಯರು,
ಎಣಗಾಯಿ ಇನ್ನೆರಡು ಬಡಿಸಿದರು.
ತಿಂದೆ.

ಅಜ್ಜಿಗೊಂದು ಡಬ್ಬಿ ತುಂಬ ಕುಸುರೆಳ್ಳು ಕೊಟ್ಟು
ಕತ್ತಲಾದ ಮೇಲೆ ಸ್ಟಾಪಿಗೆ ಬಂದೆ.
ಬೆರಳು ಸೆಟೆಯುವ ಚಳಿ. ಬಸ್ಸಿಲ್ಲ.
ಹನ್ನೊಂದು ನಿಮಿಷ ತಡ.
ಪಕ್ಕದಲ್ಲಿ ನಿಂತ ಹುಡುಗ ಕಂಬದ ಮೇಲಿನ ಪಟ್ಟಿ ಓದಿ
ಇದನ್ನು ಬರೆದವರಾರೋ ಪೆದ್ದರು ಎಂದು ಗೊಣಗಿದ.

ಒಬ್ಬನಾದರೂ ಸಿಕ್ಕ ಎಂದುಕೊಂಡು
ಅವನಿಗೊಂದಿಷ್ಟು ಕುಸುರೆಳ್ಳು ಕೊಟ್ಟೆ.