ಹೊರಗಿನ ಬಳೆ

ಮೊದಲು ಸಪ್ಪಳ.
ಖಾನಾಪುರ ರಸ್ತೆಯ ಇಳಕಲಿನಾಗ, ಮೂರನೇ ಗೇರಿನಾಗ
ಹಲ್ಲು ಕಡದಂಗ ಒಂದು ಗುರ್ರ್.
ಸ್ಕ್ರೂಡ್ರೈವರಿನ ಹಿಡಿಕಿ ಕಿವಿಗೆ,
ತುದಿ ಎಂಜಿನ್ನಿನ ಎದಿಗೆ ಇಟ್ಟು ಕೇಳಿದೆ:
ಒಳಗ ಯಾರೋ ಬೀಸಾಕ್ಹತ್ತಿದ್ರು,
ಬರೇ ಕಲ್ಲು, ಕಾಳಿಲ್ಲ.

ಖಡೇಬಜಾರದ ಮಿಸ್ತ್ರಿ ನನ್ನ ನೋಡದ
ನಮ್ಮಣ್ಣನ ಮಾರಿ ನೋಡಿ ಹೇಳಿದ:
"ಪೂರಾ ಎಂಜಿನ್ನ ಬಿಚ್ಚಬೇಕ್ರಿ. ಹನ್ನೊಂದು ಸಾವಿರ."
ನಾನು ಉದ್ಯಮಬಾಗದಾಗ
ದಿನಕ್ಕ ಇನ್ನೂರು ಹೌಸಿಂಗಿಗೆ ಗೇಜು ಹಾಕಾಕಿ.
ಕೂದಲೆಳಿಯ ಹತ್ತರಾಗ ಒಂದು ಪಾಲು
ಎಷ್ಟಿರತದ ಅಂತ ಬಲ್ಲಾಕಿ.
ಗಾಡಿ ನೂಕಿಕೊಂಡ ವಡಗಾವಿಗೆ ಬಂದೆ.

ದಾವಲಸಾಬ ಮುಲ್ಲಾ, ನಲವತ್ತು ವರ್ಷದ ಟರ್ನರ್,
ಗೋಣಿಚೀಲದಾಗಿಂದ ತಗದ ಪುಲ್ಲರು:
ಮೂರು ಉಗುರು, ನಡುವ ಬೋಲ್ಟು,
ಸಳಿಮ್ಯಾಲೆ ಜಾರುವ ಒಂದು ಗುಂಡು.
ಮೈತುಂಬ ಮೊಳಿಯಿಂದ ಗೀರಿದ ಹೆಸರು:
ಭರಮಾ, ಕಾಯ್ತಾನ, ಯಲ್ಲೋಜಿ,
ಮತ್ತೊಂದು ಸವದು ಓದಾಕ ಬರದ್ದು.
"ಬಾಡಿಗಿ ಇಲ್ಲವ್ವಾ. ತಿರುಗಿ ತರೂಮುಂದ
ಉಗುರು ಚೂಪಿರಬೇಕು. ಮತ್ತ
ಏನ ತಪ್ಪು ಮಾಡಿದಿ, ಅದನ್ನ ಹೇಳಬೇಕು."
ಹೊಸ್ತಿಲ ದಾಟಿದ ಮ್ಯಾಲೆ ಕೂಗಿದ:
"ಗೂಡಿಗೆ ಕೂಡ್ರಸೂಮುಂದ ಹೊರಗಿನ ಬಳೆಗೆ ಹೊಡಿ.
ಒಳಗಿನದನ್ನ ಮುಟ್ಟಬ್ಯಾಡ.
ನಡುವ ಗುಂಡು ಅದಾವ, ಪೆಟ್ಟು ಮರಿಯೂದಿಲ್ಲ ಅವು."

ರವಿವಾರ, ಅಡಗಿಮನಿ.
ಸಬಕಾರ ಹಚ್ಚಿ ಮೂರು ಸಲ ತೊಳದು,
ಪೆಟ್ರೋಲಿನ ವಾಸನಿ ಪೂರಾ ಹೋದಮ್ಯಾಲೆ
ಎರಡನೇ ಒಲಿಯ ತವಾದಮ್ಯಾಲೆ ಎಂಜಿನ್ನಿನ ಅರ್ಧ ಹೊಟ್ಟಿ.
ಎಷ್ಟು ಕಾಯಬೇಕೋ ಅಂತ ನನಗ ನಾನ ಅಂದೆ.
ಅವ್ವ ರೊಟ್ಟಿ ಬಡಿಯೂದು ಬಿಟ್ಟು
ಬೆರಳದ್ದಿ ನೀರು ಚಿಮುಕಿಸಿದಳು:
"ಹನಿ ಕೂತ್ರ ಹಸಿ. ಸಿಡಿದ್ರ ಹದಾ.
ಉರುಳ್ಯಾಡಿದ್ರ ಹೆಚ್ಚಾತು, ಒಲಿ ಆರಸು."
ಸಿಡಿಯಿತು.
ದೊಡ್ಡ ಬೇರಿಂಗು ಹಾಲುಹಲ್ಲಿನಂಗ ತಾನ ಬಿತ್ತು.

ಸಣ್ಣದು ಬರಲಿಲ್ಲ. ಅದರ ಹಿಂದ ಗ್ವಾಡಿ.
ಪುಲ್ಲರಿನ ಉಗುರು ಹಿಡದು ಜಾರಿತು,
ಹಿಡದು ಜಾರಿತು, ಮಧ್ಯಾಹ್ನ ಆತು.
ಕಡೀಕ ನಿನ್ನಿನ ಪಾವು ನೆನಸಿ ತೂತಿಗೆ ತುಂಬಿ
ತೂತಿನಷ್ಟ ದಪ್ಪದ ಸಳಿ ಇಟ್ಟು ಬಡದೆ.
ಮತ್ತ ಪಾವು, ಮತ್ತ ಪೆಟ್ಟು.
ಹಿಂದಿನಿಂದ ಹಿಟ್ಟು ನೂಕಿ ನೂಕಿ
ಉಕ್ಕು ಮಿಸುಕಿತು, ಹೊರಗ ಬಂತು.
ಅವ್ವ ಲೆಕ್ಕಾ ಹಾಕಿದಳು: ಆರು ಪಾವು.

ಹೊಸಾವು ರಾತ್ರಿಯಿಂದ ಫ್ರೀಜರಿನಾಗ
ಬಟಾಣಿ ಪಾಕೀಟಿನ ಬಗಲಾಗ ಮಲಗಿದ್ದವು.
ಗೂಡು ಬಿಸಿ, ಬಳೆ ತಣ್ಣಗ,
ಒಂದು ಟೊಕ್ ಅಂತ ಕೂತಿತು.
ಎರಡನೇದು ಅರ್ಧಕ್ಕ ನಿಂತಿತು, ಗೂಡು ಆರಾಕ್ಹತ್ತಿತು,
ಕೈಗೆ ಸಿಕ್ಕ ಪಾನಾ ಇಟ್ಟು ಬಡದೆ
ಒಳಗಿನ ಬಳೆಗೆ.
ಒಂದ ಪೆಟ್ಟು.

ಬೆರಳಿಂದ ತಿರುವಿದೆ: ರೇಶ್ಮಿ, ರೇಶ್ಮಿ, ರೇಶ್ಮಿ,
ನಡುವ ಒಂದು ಗಂಟು.
ಮಗ್ಗದ ಮನ್ಯಾಗ ಬೆಳದಾಕಿಗೆ
ಗಂಟು ಬೆರಳಿಗೆ ತಿಳೀತದ, ಕಣ್ಣಿಗಿಂತ ಮೊದಲ.
ಮುನ್ನೂರ ನಲವತ್ತು ರೂಪಾಯಿ
ಈಗ ಕಿಡಿಕ್ಯಾಗ ಕೂತದ. ಅಣ್ಣನ ಮಗ
ತಿರುವಿ ತಿರುವಿ ಆಡತಾನ, ಟಿಕ್.

ಮರುವಾರ ಮತ್ತ ತವಾ, ಮತ್ತ ಅವ್ವನ ಬೆರಳು.
ಈ ಸಲ ಸತ್ತ ಬೇರಿಂಗಿನ ಹೊರಬಳೆ
ಸಾಣಿ ಹಿಡದು ಕೂದಲಷ್ಟು ಸಣ್ಣ ಮಾಡಿ
ಹೊಸದರ ತಲಿಮ್ಯಾಲಿಟ್ಟು ಬಡದೆ.
ಹಳೇದು ಹೊಸದನ್ನ ಕೂಡ್ರಿಸಿ
ತಾನು ಎದ್ದು ಬಂತು.

ಪುಲ್ಲರು ಕೊಡಾಕ ಹೋದೆ. ಉಗುರು ಚೂಪು.
ತಪ್ಪು ಹೇಳಿದೆ. ದಾವಲಸಾಬ ನಗಲಿಲ್ಲ,
ಮೊಳಿ ಕೊಟ್ಟು, ಆ ಸವದ ಹೆಸರಿನ ಬಾಜೂಕ
ಜಾಗಾ ತೋರಿಸಿದ.
"ಅಲ್ಲೆ ಇದ್ದದ್ದು ನಂದು.
ನಾನೂ ಒಳಗಿನದಕ್ಕ ಹೊಡದಿದ್ದೆ."

ಶೇವಂತಾ ಅಂತ ಗೀರಾಕ ಕೂತೆ.
ಕಡೀ ದೀರ್ಘಕ್ಕ ಜಾಗಾ ಸಾಲಲಿಲ್ಲ.